ಪಟ್ಟಿಯಲ್ಲಿ ನನ್ನ ಹೆಸರು

ಈವರೆಗೆ ನಾನು ಎರಡು ಸಲ ಮತ ಹಾಕಿದ್ದೇನೆ. ಮೊದಲನೆಯದು 2023ರ ಮೇ 10ರಂದು ವಿಧಾನಸಭೆಗೆ, ಎರಡನೆಯದು 2024ರ ಮೇ 7ರಂದು ಲೋಕಸಭೆಗೆ. ಈ ಎರಡೂ ಚುನಾವಣೆಗಳ ಹೊತ್ತಿಗೆ ಪತ್ರಿಕೆ ಮತ್ತು ಟೀವಿಗಳಲ್ಲಿ ನನ್ನ ಬಗ್ಗೆ ಬಹಳಷ್ಟು ಚರ್ಚೆ ನಡೆಯಿತು. ಯುವ ಮತದಾರರು ಯಾರ ಕಡೆ ವಾಲುತ್ತಾರೆ? ಮಹಿಳೆಯರ ಮತ ಯಾರಿಗೆ? ಅಲ್ಪಸಂಖ್ಯಾತರ ಮತ ಈ ಬಾರಿ ಒಡೆಯುತ್ತದೆಯೇ, ಒಗ್ಗೂಡುತ್ತದೆಯೇ? ಈ ಮೂರು ರಾಶಿಗಳಲ್ಲೂ ನಾನಿದ್ದೆ. ಆದರೆ ಯಾವ ರಾಶಿಯಲ್ಲೂ ನನಗೆ ಹೆಸರಿರಲಿಲ್ಲ.

ಹೆಸರು ಸಿಕ್ಕಿದ್ದು ಮತಗಟ್ಟೆಯಲ್ಲಿ ಮಾತ್ರ. ಒಳಗೆ ಹೋದ ಕೂಡಲೇ ಮೊದಲನೇ ಮತಗಟ್ಟೆ ಅಧಿಕಾರಿ ಕ್ರಮಸಂಖ್ಯೆಯನ್ನೂ ಹೆಸರನ್ನೂ ಪಕ್ಷಗಳ ಏಜೆಂಟರಿಗೆ ಕೇಳಿಸುವಂತೆ ಓದುತ್ತಾರೆ. ಎರಡನೆಯವರು ಎಡಗೈ ತೋರುಬೆರಳಿಗೆ ಶಾಯಿ ಹಚ್ಚಿ, ಪುಸ್ತಕದಲ್ಲಿ ಸಹಿ ಮಾಡಿಸಿಕೊಂಡು ಚೀಟಿ ಕೊಡುತ್ತಾರೆ. ಮೂರನೆಯವರು ಆ ಚೀಟಿ ಪಡೆದು ಯಂತ್ರವನ್ನು ಸಜ್ಜುಗೊಳಿಸುತ್ತಾರೆ. ಒತ್ತಿದ ಮೇಲೆ ಏಳು ಸೆಕೆಂಡು ಒಂದು ಕಾಗದದ ತುಣುಕು ಗಾಜಿನ ಹಿಂದೆ ಕಾಣಿಸಿಕೊಂಡು ಕೆಳಗೆ ಬೀಳುತ್ತದೆ. ಎಲ್ಲ ಸೇರಿ ಮೂರು ನಿಮಿಷದ ಕೆಲಸ. ಆದರೆ ಸರ್ಕಾರದ ಕಡೆಯವರೊಬ್ಬರು ಯಾರ ಮಗಳು, ಯಾವ ಜಾತಿ, ಎಷ್ಟು ಆದಾಯ ಎಂದು ಕೇಳದೆ ನನ್ನ ಹೆಸರನ್ನು ಗಟ್ಟಿಯಾಗಿ ಕರೆದು ಒಳಗೆ ಬಿಟ್ಟದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಚುನಾವಣೆ, ರಾಜಕೀಯ ಎಂದಾಗ ನನಗೆ ಹೇಳಬೇಕೆನಿಸುವ ಮಾತುಗಳೆಲ್ಲ ಈ ಹೆಸರಿನ ಸುತ್ತಲೇ ಇವೆ.

ನಮ್ಮದು ದಾವಣಗೆರೆ. ಹೊರಗಿನವರಿಗೆ ಈ ಊರು ಬೆಣ್ಣೆದೋಸೆಯಿಂದ, ಮಂಡಕ್ಕಿ ಮೆಣಸಿನಕಾಯಿಯಿಂದ ಗೊತ್ತು. ಆ ಮಂಡಕ್ಕಿ ಹುಟ್ಟುವ ಭಟ್ಟಿಗಳ ಹಿಂದಿನ ಓಣಿಯಲ್ಲಿ ನಮ್ಮ ಮನೆ. ನನ್ನ ಅಬ್ಬಾ ಭಟ್ಟಿಯ ಕೆಲಸಗಾರರು. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಉಪ್ಪು ಬೆರೆಸಿ, ಕಾದ ಮರಳಿನಲ್ಲಿ ಹುರಿಯುವ ಈ ಕೆಲಸ ಊರು ಏಳುವ ಮೊದಲೇ ಶುರುವಾಗುತ್ತದೆ. ಹೊಟ್ಟಿನ ಹೊಗೆ ಅಬ್ಬಾರ ಎದೆಯಲ್ಲಿ ಸೇರಿಕೊಂಡಿದೆ. ನಾನು ಬಿ.ಕಾಂ. ಮುಗಿಸಿದ್ದೇನೆ. ಕಾಲೇಜಿನ ದಿನಗಳಿಂದಲೂ ಒಂದು ಝೆರಾಕ್ಸ್ ಮತ್ತು ಆನ್‌ಲೈನ್ ಅಂಗಡಿಯಲ್ಲಿ ಅರ್ಜಿ ತುಂಬುವ ಕೆಲಸ ಮಾಡುತ್ತೇನೆ. ಸ್ಕಾಲರ್‌ಶಿಪ್, ಪಡಿತರ ಚೀಟಿ, ಆಧಾರ್ ತಿದ್ದುಪಡಿ, ಅವುಗಳ ನಡುವೆ ಮತದಾರರ ಪಟ್ಟಿಯ ಅರ್ಜಿಗಳು.

ಪಟ್ಟಿಗೆ ಹೊಸದಾಗಿ ಹೆಸರು ಸೇರಿಸಲು ನಮೂನೆ 6. ಇನ್ನೊಬ್ಬರ ಹೆಸರಿಗೆ ಆಕ್ಷೇಪ ಸಲ್ಲಿಸಲು ಅಥವಾ ಹೆಸರು ತೆಗೆಸಲು ನಮೂನೆ 7. ವಿಳಾಸ ಬದಲಾವಣೆಗೆ, ತಪ್ಪು ತಿದ್ದಲು ನಮೂನೆ 8. ಮೊದಲು ಜನವರಿ 1ಕ್ಕೆ 18 ತುಂಬಿದ್ದರೆ ಮಾತ್ರ ಆ ವರ್ಷ ಸೇರಬಹುದಿತ್ತು. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ದಿನ ಹೀಗೆ ವರ್ಷಕ್ಕೆ ನಾಲ್ಕು ಅವಕಾಶಗಳಿವೆ. ಇಷ್ಟನ್ನು ತಿಳಿದುಕೊಂಡವಳಿಗೆ ಅಂಗಡಿಯಲ್ಲಿ ಸಿಗುವ ಮರ್ಯಾದೆಯೇ ಬೇರೆ. ಹಳ್ಳಿಯಿಂದ ಬಂದ ಹಿರಿಯರೊಬ್ಬರು ಹಣೆಯ ವಿಭೂತಿ ಸರಿಮಾಡಿಕೊಳ್ಳುತ್ತ, “ತಂಗೀ, ನಮ್ಮ ಮನೆಯಾಕಿ ಹೆಸರು ಐತೇನು ನೋಡವಾ, ಹೋದ ಸಲ ಇಲ್ಲ ಅಂದು ವಾಪಸ್ ಕಳಿಸಿದ್ರು” ಎಂದು ಕೇಳುತ್ತಾರೆ. ಅವರ ಹಿಂದೆ ನಮ್ಮ ಓಣಿಯ ಬುರ್ಖಾ ತೊಟ್ಟ ಹೆಂಗಸು ಅದೇ ಪ್ರಶ್ನೆ ಹಿಡಿದು ನಿಂತಿರುತ್ತಾರೆ. ಪಟ್ಟಿಯಿಂದ ಹೆಸರು ಕಳೆದುಹೋಗುವ ಕಷ್ಟಕ್ಕೆ ಧರ್ಮವಿಲ್ಲ. ಬಡವರು, ಬಾಡಿಗೆ ಮನೆಯವರು, ಮದುವೆಯಾಗಿ ಊರು ಬಿಟ್ಟವರು, ಕೂಲಿಗೆ ಹೋದವರು — ಇವರ ಹೆಸರುಗಳೇ ಮೊದಲು ಜಾರುತ್ತವೆ.

ನನ್ನ ದಾದಿಯ ಕಾಗದಗಳನ್ನೇ ನೋಡಿ. ಅವರ ಹೆಸರಿನ ಕೊನೆಯ ‘ಬೀ’ ಪಡಿತರ ಚೀಟಿಯಲ್ಲಿ ‘ಬಿ’ ಆಗಿದೆ, ಆಧಾರ್‌ನಲ್ಲಿ ‘ಬೇಗಂ’ ಆಗಿದೆ, ಪಿಂಚಣಿ ಪುಸ್ತಕದಲ್ಲಿ ಬರೆದವರ ದಯೆಯಿಂದ ‘ಬಾಯಿ’ ಆಗಿದೆ. ಮನೆಯ ಹಳೆಯ ಪತ್ರವೊಂದರಲ್ಲಿ ಅವರ ಹೆಸರೇ ಇಲ್ಲ, ದಾದಾ ಅವರ ಹೆಸರಿನ ಮುಂದೆ ‘ಕೋಂ’ ಎಂದಷ್ಟೇ ಇದೆ. ದಾದಿ ಓದಿದವರಲ್ಲ. ಒಂದೊಂದು ಕಚೇರಿಯಲ್ಲಿ ಕೂತವರು ತಮಗೆ ಕೇಳಿಸಿದಂತೆ ಬರೆದುಕೊಂಡರು. ಈಗ ಆ ನಾಲ್ಕೂ ಹೆಂಗಸರು ಒಬ್ಬರೇ ಎಂದು ಸಾಬೀತು ಮಾಡುವ ಹೊಣೆ ದಾದಿಯದು.

ಇದು ನಮ್ಮ ಮನೆಯ ಕತೆ ಮಾತ್ರವಲ್ಲ. 1951-52ರ ಮೊದಲ ಮಹಾಚುನಾವಣೆಗೆ ಪಟ್ಟಿ ತಯಾರಾದಾಗ ಉತ್ತರ ಭಾರತದ ಹಲವು ಪ್ರಾಂತಗಳಲ್ಲಿ ಹೆಂಗಸರು ತಮ್ಮ ಹೆಸರು ಹೇಳಲು ಒಪ್ಪಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ದೇಶದ ಮೊದಲ ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ್ ಸೇನ್ ಅವರು ಹೆಸರಿಲ್ಲದ ಮತದಾರರನ್ನು ಒಪ್ಪಲಿಲ್ಲ. ಸ್ವಂತ ಹೆಸರು ಕೊಡದ ಸುಮಾರು 28 ಲಕ್ಷ ಮಹಿಳೆಯರನ್ನು ಪಟ್ಟಿಯಿಂದ ಕೈಬಿಡಲಾಯಿತು. ಇದನ್ನು ಮೊದಲು ಓದಿದಾಗ ನನಗೆ ಸೇನ್ ಅವರ ಮೇಲೆ ಸಿಟ್ಟು ಬಂದಿತ್ತು. ಎರಡನೇ ಸಲ ಯೋಚಿಸಿದಾಗ ಅವರ ಹಟದ ಬೆಲೆ ತಿಳಿಯಿತು. ಗಂಡನ ಹೆಸರಿನ ಹಿಂದೆ ನಿಂತು ಹಾಕುವ ಮತ ಕೊನೆಗೆ ಗಂಡನದೇ ಎರಡನೇ ಮತವಾಗುತ್ತದೆ ಎಂದು ಅವರಿಗೆ ಅನ್ನಿಸಿರಬೇಕು. ಮುಂದಿನ ಚುನಾವಣೆಗಳಲ್ಲಿ ಹೆಂಗಸರು ಹೆಸರು ಹೇಳಿದರು.

ಅಷ್ಟು ವರ್ಷಗಳ ನಂತರವೂ ಆ ‘ಕೋಂ’ ಪೂರ್ತಿ ಹೋಗಿಲ್ಲ. 2024ರಲ್ಲಿ ನಮ್ಮ ದಾವಣಗೆರೆ ಲೋಕಸಭಾ ಕ್ಷೇತ್ರದಲ್ಲಿ ಎರಡೂ ದೊಡ್ಡ ಪಕ್ಷಗಳು ಮಹಿಳೆಯರನ್ನೇ ನಿಲ್ಲಿಸಿದ್ದವು, ಕಾಂಗ್ರೆಸ್ಸಿನಿಂದ ಪ್ರಭಾ ಮಲ್ಲಿಕಾರ್ಜುನ್, ಬಿಜೆಪಿಯಿಂದ ಗಾಯತ್ರಿ ಸಿದ್ದೇಶ್ವರ. ನನ್ನಂಥವರಿಗೆ ಅದು ಸಂತೋಷದ ಸಂಗತಿ. ಆದರೆ ಓಣಿಯ ಚಹಾದಂಗಡಿಯಲ್ಲಿ ಚುನಾವಣೆ ಮುಗಿಯುವವರೆಗೆ ಒಬ್ಬರು ‘ಸೊಸೆ’, ಇನ್ನೊಬ್ಬರು ‘ಹೆಂಡತಿ’ ಆಗಿಯೇ ಉಳಿದರು. ಸ್ಪರ್ಧೆ ಎರಡು ಮನೆತನಗಳ ನಡುವೆ ಎಂದೇ ಜನ ಮಾತಾಡಿದರು. ಪ್ರಭಾ ಅವರು ಗೆದ್ದು ಲೋಕಸಭೆಗೆ ಹೋದರು. ಅಲ್ಲಿ ಅವರನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ ಎಂಬುದು ನನಗೆ ಸಣ್ಣ ಸಮಾಧಾನ.

ಪಟ್ಟಿಯ ಮಾತು ಒಣ ಮಾತೆಂದು ಕೆಲವರಿಗೆ ಅನಿಸಬಹುದು. ಅಂಥವರು 2025ರ ಬಿಹಾರವನ್ನು ನೆನೆಯಲಿ. ವಿಶೇಷ ತೀವ್ರ ಪರಿಷ್ಕರಣೆ ಎಂಬ ಹೆಸರಿನಲ್ಲಿ ಅಲ್ಲಿಯ ಪಟ್ಟಿಯನ್ನು ಹೊಸದಾಗಿ ಪರಿಶೀಲಿಸಿದಾಗ ಆಗಸ್ಟ್ 1ರ ಕರಡು ಪಟ್ಟಿಯಲ್ಲಿ 65 ಲಕ್ಷ ಹೆಸರುಗಳು ಇರಲಿಲ್ಲ. ಸತ್ತವರು, ಊರು ಬಿಟ್ಟವರು, ಎರಡು ಕಡೆ ಹೆಸರಿದ್ದವರು ಎಂದು ಆಯೋಗ ಹೇಳಿತು. ಯಾರು, ಯಾಕೆ ಎಂಬುದನ್ನು ಪ್ರಕಟಿಸುವಂತೆ ಸುಪ್ರೀಂ ಕೋರ್ಟ್ ಆಗಸ್ಟ್ 14ರಂದು ಆದೇಶಿಸಬೇಕಾಯಿತು. ಬಡವರ ಕೈಯಲ್ಲಿ ಸಾಮಾನ್ಯವಾಗಿ ಇರುವ ಆಧಾರನ್ನು ಗುರುತಿನ ದಾಖಲೆಯಾಗಿ ಸ್ವೀಕರಿಸಬೇಕೆಂದು ಸೆಪ್ಟೆಂಬರ್ 8ರಂದು ಅದೇ ಕೋರ್ಟ್ ಹೇಳಿತು. ಪಟ್ಟಿಯಲ್ಲಿ ಸತ್ತವರ ಹೆಸರು ಇರಬಾರದು, ಒಬ್ಬನಿಗೆ ಎರಡು ಕಡೆ ಮತ ಇರಬಾರದು ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಬದುಕಿರುವವಳು ‘ನಾನು ಬದುಕಿದ್ದೇನೆ’ ಎಂದು ಕಾಗದ ಹಿಡಿದು ಅಲೆಯುವಂತೆ ಆಗಬಾರದಲ್ಲವೇ? ಆ ತಿಂಗಳುಗಳಲ್ಲಿ ನಮ್ಮ ದಾದಿ ತಮ್ಮ ಕಾಗದಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಟ್ರಂಕಿನ ತಳದಿಂದ ಮೇಲಕ್ಕೆ ತಂದಿಟ್ಟುಕೊಂಡರು. ಬಿಹಾರ ಎಲ್ಲಿದೆಯೆಂದು ಅವರಿಗೆ ತಿಳಿಯದು. ಆದರೆ ಆ ಹೆದರಿಕೆ ಅವರಿಗೆ ಚೆನ್ನಾಗಿ ತಿಳಿದಿತ್ತು.

ಬಿಹಾರದವರೆಗೆ ಹೋಗಬೇಕಾಗಿಯೂ ಇಲ್ಲ. ನಮ್ಮದೇ ಕಲಬುರಗಿ ಜಿಲ್ಲೆಯ ಆಳಂದದಲ್ಲಿ 2023ರ ವಿಧಾನಸಭಾ ಚುನಾವಣೆಗೆ ಮುನ್ನ ಹೆಸರು ತೆಗೆಯುವಂತೆ ಕೋರಿ 6,018 ಅರ್ಜಿಗಳು ಆನ್‌ಲೈನ್ ಮೂಲಕ ಬಂದಿದ್ದವು. ಅಧಿಕಾರಿಗಳು ಮನೆಮನೆಗೆ ಹೋಗಿ ನೋಡಿದಾಗ ಅವುಗಳಲ್ಲಿ ಸರಿಯಾದವು 24 ಮಾತ್ರ. ಉಳಿದ 5,994 ಅರ್ಜಿಗಳನ್ನು ತಿರಸ್ಕರಿಸಿ ಪೊಲೀಸ್ ದೂರು ದಾಖಲಿಸಲಾಯಿತು. ಆ ಕೈ ಯಾರದು ಎಂಬ ಬಗ್ಗೆ ಪಕ್ಷಗಳು ಪರಸ್ಪರ ಕಾದಾಡಿದವು. ನಾನು ಗಮನಿಸಿದ್ದು ಇನ್ನೊಂದನ್ನು. ಆ ಹೆಸರುಗಳು ಉಳಿದದ್ದು ಮನೆಮನೆಗೆ ನಡೆದು ಹೋಗಿ ಬಾಗಿಲು ತಟ್ಟಿದ ಸಣ್ಣ ನೌಕರರಿಂದ. ಮತಗಟ್ಟೆ ಮಟ್ಟದ ಅಧಿಕಾರಿಗಳೆಂದರೆ ಬಹುಪಾಲು ಅಂಗನವಾಡಿ ಕಾರ್ಯಕರ್ತೆಯರು ಮತ್ತು ಶಾಲಾ ಶಿಕ್ಷಕರು. ಪ್ರಜಾಪ್ರಭುತ್ವವನ್ನು ಕಾಯುವವರು ಯಾರೆಂದು ಕೇಳಿದರೆ ದೆಹಲಿಯ ದೊಡ್ಡ ಹೆಸರುಗಳಿಗಿಂತ ಮೊದಲು, ಬಿಸಿಲಿನಲ್ಲಿ ಛತ್ರಿ ಹಿಡಿದು ಪಟ್ಟಿ ತಿದ್ದುವ ಆ ಅಕ್ಕಂದಿರು ನನಗೆ ನೆನಪಾಗುತ್ತಾರೆ.

ಒಂದು ಹೆಸರು ಹೋದರೆ ಏನಾಗುತ್ತದೆ ಎನ್ನುವವರಿಗೆ ಕರ್ನಾಟಕವೇ ಉತ್ತರ ಕೊಟ್ಟಿದೆ. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರನ್ನು ಸೋಲಿಸಿದ್ದು ಒಂದೇ ಒಂದು ಮತದಿಂದ. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಮರುಎಣಿಕೆಯ ನಂತರ ಉಳಿದ ಅಂತರ 16 ಮತಗಳು. ಹದಿನಾರು ಮತಗಳೆಂದರೆ ನಮ್ಮ ಓಣಿಯ ನಾಲ್ಕು ಮನೆ.

ಮತಗಟ್ಟೆಯಲ್ಲಿ ಹೆಸರು ಹಿಡಿದು ಒಳಗೆ ಹೋದವಳು ಹೊರಗೆ ಬರುವಾಗ ಮತ್ತೆ ರಾಶಿಗೆ ಸೇರುತ್ತೇನೆ. ಇದಕ್ಕೆ ಕಾರಣ ಎಣಿಕೆಯ ವಿಧಾನದಲ್ಲೂ ಇದೆ. ನಮ್ಮಲ್ಲಿ ಮತ ಎಣಿಕೆ ಮತಗಟ್ಟೆವಾರು ನಡೆಯುತ್ತದೆ, ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಬಂತೆಂಬುದು ಪ್ರಕಟವಾಗುತ್ತದೆ. ಹೀಗಾಗಿ ನನ್ನ ಮತ ಗುಟ್ಟಾಗಿದ್ದರೂ ನನ್ನ ಓಣಿಯ ಮತ ಗುಟ್ಟಲ್ಲ. ಗೆದ್ದವರಿಗೆ ಗೊತ್ತು, ಸೋತವರಿಗೂ ಗೊತ್ತು. “ಆ ಬೂತು ನಮಗೆ ಕೊಟ್ಟಿಲ್ಲ” ಎಂದು ಒಬ್ಬರು ಬೀದಿದೀಪ ಹಾಕಿಸುವುದಿಲ್ಲ, “ಆ ಬೂತು ಹೇಗೂ ನಮ್ಮದೇ” ಎಂದು ಇನ್ನೊಬ್ಬರೂ ಹಾಕಿಸುವುದಿಲ್ಲ. ಮತಪತ್ರಗಳ ಕಾಲದಲ್ಲಿ ಬೇರೆ ಬೇರೆ ಪೆಟ್ಟಿಗೆಗಳ ಮತಗಳನ್ನು ಬೆರೆಸಿ ಎಣಿಸಲು ನಿಯಮದಲ್ಲಿ ಅವಕಾಶವಿತ್ತು. ಯಂತ್ರಗಳಿಗೂ ಹಾಗೆ ಹಲವು ಮತಗಟ್ಟೆಗಳ ಲೆಕ್ಕವನ್ನು ಒಟ್ಟಿಗೆ ಕೂಡಿಸಿ ತೋರಿಸುವ ಟೋಟಲೈಸರ್ ಎಂಬ ಸಾಧನವನ್ನು ಬಳಸಬಹುದೆಂದು ಚುನಾವಣಾ ಆಯೋಗ 2008ರಲ್ಲೇ ಸೂಚಿಸಿತ್ತು. ಕಾನೂನು ಆಯೋಗ 2015ರ ತನ್ನ 255ನೇ ವರದಿಯಲ್ಲಿ ಅದನ್ನು ಬೆಂಬಲಿಸಿತು. ಆದರೂ 2024ರ ಎಣಿಕೆ ಹಳೆಯ ರೀತಿಯಲ್ಲೇ ನಡೆಯಿತು. ನಮ್ಮಂಥ ಓಣಿಗಳವರು ಬೀದಿಗಿಳಿದು ಕೇಳಬೇಕಾದ ಸುಧಾರಣೆಗಳಲ್ಲಿ ಇದೂ ಒಂದೆಂದು ನನ್ನ ಭಾವನೆ. ಇದು ಮುಸ್ಲಿಮರ ಬೇಡಿಕೆ ಅಲ್ಲ. ದಲಿತ ಕೇರಿಗೂ, ಲಂಬಾಣಿ ತಾಂಡಾಕ್ಕೂ ಇದೇ ತೊಂದರೆ.

ಭಯದ ಮಾತನ್ನೂ ಹೇಳಬೇಕು. 2022ರ ಫೆಬ್ರವರಿಯಲ್ಲಿ ನಾನು ದ್ವಿತೀಯ ಪಿಯುಸಿಯಲ್ಲಿದ್ದೆ. ಉಡುಪಿಯಲ್ಲಿ ಶುರುವಾದ ಹಿಜಾಬ್ ವಿವಾದ ರಾಜ್ಯಕ್ಕೆಲ್ಲ ಹಬ್ಬಿ, ಸರ್ಕಾರ ಕೆಲವು ದಿನ ಶಾಲಾ ಕಾಲೇಜುಗಳನ್ನು ಮುಚ್ಚಿತು. ಆ ಮಾರ್ಚ್ 15ರಂದು ಹೈಕೋರ್ಟ್ ತೀರ್ಪು ಬಂತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ಬೇರೆ ತೀರ್ಪು ಕೊಟ್ಟರು. ಈ ತಾರೀಖುಗಳ ನಡುವೆ ನನ್ನ ತರಗತಿಯ ಇಬ್ಬರು ಗೆಳತಿಯರು ಪರೀಕ್ಷೆಗೆ ಬರಲಿಲ್ಲ. ಒಬ್ಬಳಿಗೆ ಮರುವರ್ಷವೇ ಮದುವೆಯಾಯಿತು. ಅಕೌಂಟೆನ್ಸಿಯಲ್ಲಿ ಅವಳು ನನಗಿಂತ ಬುದ್ಧಿವಂತೆಯಾಗಿದ್ದಳು. ಮುಂದಿನ ವರ್ಷದ ಚುನಾವಣೆಯಲ್ಲಿ ಒಂದು ಕಡೆಯವರು ನಮ್ಮ ತಲೆಯ ಬಟ್ಟೆಯನ್ನು ತೋರಿಸಿ ಮತ ಕೇಳಿದರು, ಇನ್ನೊಂದು ಕಡೆಯವರು ‘ಅವರು ಬಂದರೆ ಏನಾಗುತ್ತದೆ ಗೊತ್ತಲ್ಲ’ ಎಂದು ಮತ ಕೇಳಿದರು. ನನ್ನ ಗೆಳತಿ ಪಿಯುಸಿ ಮುಗಿಸಿದಳೇ, ಮುಂದೆ ಓದಲು ಏನು ದಾರಿ ಎಂದು ಕೇಳಿಕೊಂಡು ನಮ್ಮ ಓಣಿಗೆ ಬಂದವರು ಯಾರೂ ಇಲ್ಲ. 2023ರ ಮಾರ್ಚ್‌ನಲ್ಲಿ ಆಗಿನ ಸರ್ಕಾರ ಪ್ರವರ್ಗ 2ಬಿ ಅಡಿ ಮುಸ್ಲಿಮರಿಗಿದ್ದ ಶೇ. 4ರ ಮೀಸಲಾತಿಯನ್ನು ತೆಗೆಯಲು ನಿರ್ಧರಿಸಿದಾಗಲೂ ಹಾಗೆಯೇ ಆಯಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ ಜಾರಿಯಾಗದೆ ನಿಂತಿತು. ವೇದಿಕೆಯ ಮೇಲೆ ಅದು ಒಬ್ಬರಿಗೆ ಸಾಧನೆಯಾಯಿತು, ಇನ್ನೊಬ್ಬರಿಗೆ ಅಸ್ತ್ರವಾಯಿತು. ಅರ್ಜಿಯ ‘ಪ್ರವರ್ಗ’ ಕಾಲಂನಲ್ಲಿ ಏನು ತುಂಬಬೇಕೆಂದು ಅಂಗಡಿಗೆ ಬಂದು ಕೇಳುತ್ತಿದ್ದ ಹುಡುಗರಿಗೆ ಮಾತ್ರ ಅದು ನಿದ್ದೆಗೆಡಿಸುವ ವಿಷಯವಾಗಿತ್ತು.

ಭಯದಲ್ಲಿ ಮತ ಹಾಕುವುದು ತಪ್ಪೆಂದು ನಾನು ಹೇಳಲಾರೆ. ಮನೆಗೆ ಬೆಂಕಿ ಬೀಳುವ ಹೆದರಿಕೆ ಇರುವವರು ಮೊದಲು ನೀರಿನ ಕೊಡವನ್ನೇ ಹುಡುಕುತ್ತಾರೆ. ನಮ್ಮ ಅಬ್ಬಾ ಹೇಳುವುದು ಅದನ್ನೇ: “ಯಾರು ಒಳ್ಳೆಯವರು ಅಂತ ನೋಡೋ ಕಾಲ ಅಲ್ಲಮ್ಮಾ, ಯಾರು ಕಡಿಮೆ ಕೆಟ್ಟವರು ಅಂತ ನೋಡಬೇಕು.” ಭಾಯಿ ಇದಕ್ಕೆ ಒಪ್ಪುವುದಿಲ್ಲ. ಯಾರು ಬಂದರೂ ಗ್ಯಾರೇಜಿನಲ್ಲಿ ತನ್ನ ಕೈಗೆ ಮೆತ್ತುವ ಗ್ರೀಸ್ ಬದಲಾಗುವುದಿಲ್ಲ ಎನ್ನುತ್ತಾನೆ. ‘ಮೇಲಿನ ಯಾರೂ ಅಲ್ಲ’ ಎಂಬ ಗುಂಡಿ ಸುಪ್ರೀಂ ಕೋರ್ಟಿನ 2013ರ ತೀರ್ಪಿನಿಂದ ಬಂದಿದೆ, ಅದನ್ನೇ ಒತ್ತಬೇಕು ಎಂಬುದು ಅವನ ವಾದ. ಇಬ್ಬರ ಮಾತು ಮುಗಿದ ಮೇಲೆ ದಾದಿ ಒಂದೇ ಮಾತು ಹೇಳುತ್ತಾರೆ: “ಅದು ಅಮಾನತ್, ಹಾಳು ಮಾಡಬೇಡಿ.”

ಆ ಪದದ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ದಾದಿಯ ಬಾಯಲ್ಲಿ ಅಮಾನತ್ ಎಂದರೆ ನಂಬಿ ಕೈಯಲ್ಲಿಟ್ಟ ಒಡವೆ, ಹಾಗೆಯೇ ಜೋಪಾನವಾಗಿ ಹಿಂತಿರುಗಿಸಬೇಕಾದದ್ದು. ಅದೇ ಪದ ಕನ್ನಡದ ಕಚೇರಿಗೆ ಬಂದು ‘ಅಮಾನತು’ ಆಯಿತು. ತಪ್ಪು ಮಾಡಿದ ನೌಕರನನ್ನು ತಾತ್ಕಾಲಿಕವಾಗಿ ಕೆಲಸದಿಂದ ತಡೆಹಿಡಿಯುವುದಕ್ಕೂ ಇಂದು ಆ ಪದವೇ. ನಮ್ಮ ಮತಕ್ಕೆ ಎರಡೂ ಅರ್ಥ ಒಪ್ಪುತ್ತದೆ ಎನಿಸುತ್ತದೆ. ಕೊಡುವಾಗ ಅದು ನಂಬಿಕೆಯ ಒಡವೆ. ಕೊಟ್ಟ ಮೇಲೆ ಐದು ವರ್ಷ ನಾವೇ ನಮ್ಮನ್ನು ಅಮಾನತಿನಲ್ಲಿಟ್ಟುಕೊಳ್ಳುತ್ತೇವೆ. ಏನನ್ನೂ ಕೇಳುವುದಿಲ್ಲ, ಎಲ್ಲಿಗೂ ಹೋಗುವುದಿಲ್ಲ, ಮುಂದಿನ ಚುನಾವಣೆಯ ಧ್ವನಿವರ್ಧಕ ಓಣಿಗೆ ಬರುವವರೆಗೆ ಸುಮ್ಮನಿರುತ್ತೇವೆ.

ಭಾಯಿಯ ವಿಷಯಕ್ಕೆ ಬಂದೆನಲ್ಲ, ಅವನು ಆರು ವರ್ಷದಿಂದ ಬೆಂಗಳೂರಿನಲ್ಲಿದ್ದಾನೆ. ಹೆಸರು ಇಲ್ಲಿಯ ಪಟ್ಟಿಯಲ್ಲಿದೆ, ಮೈ ಅಲ್ಲಿದೆ. ಪ್ರತಿ ಚುನಾವಣೆ ಮುಗಿದಾಗ ಬೆಂಗಳೂರಿನವರು ಮತ ಹಾಕದ ಸೋಮಾರಿಗಳು ಎಂಬ ಬೈಗುಳ ಬರುತ್ತದೆ. ರಜೆಯೆಂದು ಪ್ರವಾಸ ಹೋಗುವವರು ಇರಬಹುದು. ಆದರೆ ಬಾಡಿಗೆ ಕರಾರು ಇಲ್ಲದೆ ವಿಳಾಸ ತೋರಿಸಲಾಗದವರು, ಒಂದು ದಿನದ ಕೂಲಿ ಬಿಟ್ಟು ಊರಿಗೆ ಬರಲಾಗದವರು ಎಷ್ಟೋ ಮಂದಿ. ಪ್ರಜಾಪ್ರಾತಿನಿಧ್ಯ ಕಾಯ್ದೆಯ 135ಬಿ ಕಲಮಿನ ಪ್ರಕಾರ ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕು, ದಿನಗೂಲಿಯವರಿಗೂ ಅದು ಅನ್ವಯಿಸುತ್ತದೆ. ಭಾಯಿಯ ಮಾಲೀಕರಿಗೆ ಇದನ್ನು ಹೇಳಿದಾಗ ಅವರು ನಕ್ಕರಂತೆ. ಅವನಿಗೆ ನಾನು ನಮೂನೆ 8 ತುಂಬಿ ಕಳಿಸಿದ್ದೇನೆ. ದುಡಿಯುವ ಊರಿನಲ್ಲೇ ಅವನ ಹೆಸರೂ ಇರಲಿ.

ಗ್ಯಾರಂಟಿಗಳ ಬಗ್ಗೆ ಯುವಕರ ಅಭಿಪ್ರಾಯವೇನು ಎಂದು ಎಲ್ಲರೂ ಕೇಳುತ್ತಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ನಮ್ಮ ಅಮ್ಮಿ ಒಬ್ಬರೇ ಬಸ್ ಹತ್ತಿ ಹರಿಹರದ ತವರಿಗೆ ಹೋಗಿ ಬರುವುದನ್ನು ಕಲಿತರು. ಅದಕ್ಕೆ ಮೊದಲು ಅಬ್ಬಾರ ಕೈಯಿಂದ ಹಣ ಕೇಳಬೇಕಿತ್ತು, ಕೇಳುವುದಕ್ಕಿಂತ ಹೋಗದಿರುವುದೇ ಲೇಸೆಂದು ಸುಮ್ಮನಿರುತ್ತಿದ್ದರು. ‘ಬಿಟ್ಟಿ’ ಎಂದು ಹಂಗಿಸುವವರಿಗೆ ಈ ಒಂದು ಸಂಗತಿ ತಿಳಿದಿರಲಿ. ಕಂಡಕ್ಟರ್ ಟಿಕೆಟ್ ಹರಿಯುವಾಗ ಯಾವ ಸಮುದಾಯ ಎಂದು ಕೇಳುವುದಿಲ್ಲ. ರೇಷ್ಮೆ ಸೀರೆಯವರೂ ಬುರ್ಖಾದವರೂ ಒಂದೇ ಸೀಟಿನಲ್ಲಿ ಕೂತು ಸೊಸೆಯರ ದೂರು ಹೇಳಿಕೊಳ್ಳುತ್ತಾರೆ. ಹಾಗೆಂದು ಇದಿಷ್ಟೇ ಸಾಕು ಎನ್ನಲಾರೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಯುವನಿಧಿ, ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿ ಕೊಡುವ ಯೋಜನೆ. ಅದರ ಅರ್ಜಿಗಳನ್ನು ನಾನೇ ಎಷ್ಟೋ ತುಂಬಿದ್ದೇನೆ. ‘ನಾನು ನಿರುದ್ಯೋಗಿ’ ಎಂಬ ಘೋಷಣೆಯ ಬಳಿ ಬಂದಾಗ ಹುಡುಗರ ಮುಖ ಸಪ್ಪಗಾಗುವುದನ್ನು ನೋಡಿದ್ದೇನೆ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರು ನಮ್ಮದು. ಗಿರಣಿಗಳು ಮುಚ್ಚಿದವು. ಅವುಗಳ ಜಾಗಕ್ಕೆ ಯಾವ ದುಡಿಮೆ ಬರುತ್ತದೆ ಎಂಬ ಪ್ರಶ್ನೆಯನ್ನು ನಾನು ಕೇಳಿದ ಎರಡೂ ಚುನಾವಣೆಗಳ ಭಾಷಣಗಳಲ್ಲಿ ಯಾರೂ ಎತ್ತಲಿಲ್ಲ.

ಇನ್ನು ಹಣ. ಮತದಾನದ ಹಿಂದಿನ ರಾತ್ರಿ ಓಣಿಗೆ ಲಕೋಟೆ ಬರುತ್ತದೆ ಎಂಬುದು ಗುಟ್ಟಿನ ಸುದ್ದಿಯೇನಲ್ಲ. ಬಡವರು ಮತ ಮಾರಿಕೊಳ್ಳುತ್ತಾರೆ ಎಂದು ಮೂಗು ಮುರಿಯುವುದು ಸುಲಭ. ಕೊಡುವುದೂ ಅಪರಾಧ, ಪಡೆಯುವುದೂ ಅಪರಾಧ, ಅದರಲ್ಲಿ ಎರಡು ಮಾತಿಲ್ಲ. ಆದರೆ 2018ರಿಂದ ಕೆಲವು ವರ್ಷ ಚುನಾವಣಾ ಬಾಂಡ್ ಎಂಬ ಇನ್ನೊಂದು ಲಕೋಟೆಯೂ ಇತ್ತು. ಯಾವ ಕಂಪನಿ ಯಾವ ಪಕ್ಷಕ್ಕೆ ಎಷ್ಟು ಕೊಟ್ಟಿತು ಎಂಬುದು ಮತದಾರರಿಗೆ ತಿಳಿಯುತ್ತಿರಲಿಲ್ಲ. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಅದು ಸಂವಿಧಾನಬಾಹಿರ ಎಂದಿತು. ಐನೂರರ ನೋಟನ್ನು ಕಂಡು ನಮ್ಮ ಓಣಿಗೆ ಬುದ್ಧಿ ಹೇಳಲು ಬರುವವರು ಆ ದೊಡ್ಡ ಲಕೋಟೆಗಳ ಬಗ್ಗೆಯೂ ಅಷ್ಟೇ ಗಟ್ಟಿಯಾಗಿ ಮಾತಾಡಲಿ.

ನನ್ನನ್ನು ಬಹಳ ಕಾಡುವುದು ಇನ್ನೊಂದು ವಿಚಾರ. ವಿಧಾನಸಭೆಗೆ ಮತ ಹಾಕಿದೆ, ಲೋಕಸಭೆಗೂ ಹಾಕಿದೆ. ಮನೆಮುಂದಿನ ಚರಂಡಿಗೆ ಹೊಣೆಯಾಗುವವರಿಗೆ ಹಾಕುವ ಅವಕಾಶ ಆ ವರ್ಷಗಳಲ್ಲಿ ನನಗೆ ಬರಲಿಲ್ಲ. ನಮ್ಮ ಮಹಾನಗರ ಪಾಲಿಕೆಗೆ 2019ರ ನವೆಂಬರಿನಲ್ಲಿ ಮತದಾನ ನಡೆದಾಗ ನನಗೆ ಹದಿನೈದು ವರ್ಷ. ಹಳ್ಳಿಗಳಲ್ಲಿರುವ ನನ್ನ ವಾರಿಗೆಯವರ ಕತೆ ಇನ್ನೂ ಕಷ್ಟದ್ದು. ಜಿಲ್ಲಾ ಮತ್ತು ತಾಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು, 2021ರಲ್ಲಿ ಅವಧಿ ಮುಗಿಯಿತು, ಬಳಿಕ ವರ್ಷಗಟ್ಟಲೆ ಅಧಿಕಾರಿಗಳೇ ಆಳಿದರು. ಬೆಂಗಳೂರಿನ ಪಾಲಿಕೆಯ ಚುನಾಯಿತ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಅಲ್ಲಿಯೂ ಇದೇ ಸ್ಥಿತಿ. ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಎಂದು ಕಾರಣಗಳು ಬದಲಾದವು. ಸರ್ಕಾರಗಳೂ ಬದಲಾದವು, ಆದರೆ ವಿಳಂಬ ಬದಲಾಗಲಿಲ್ಲ. ಯುವಕರಿಗೆ ರಾಜಕೀಯದಲ್ಲಿ ಆಸಕ್ತಿ ಇಲ್ಲ ಎನ್ನುವವರು, ರಾಜಕೀಯವನ್ನು ಕಲಿಯುವ ಮೊದಲ ತರಗತಿಯನ್ನೇ ಮುಚ್ಚಿಟ್ಟಿದ್ದಾರೆ. ನಮ್ಮ ಹುಡುಗರು ವಾರ್ಡಿನ ನಲ್ಲಿಯ ಬಗ್ಗೆ ವಾದಿಸುವುದನ್ನು ಕಲಿಯದೆ ನೇರವಾಗಿ ವಾಟ್ಸಾಪಿನಲ್ಲಿ ದೇಶದ ಇತಿಹಾಸದ ಬಗ್ಗೆ ಕಾದಾಡುತ್ತಿದ್ದಾರೆ.

ಪ್ರಾತಿನಿಧ್ಯದ ಲೆಕ್ಕವನ್ನೂ ಮುಚ್ಚಿಡಬೇಕಾಗಿಲ್ಲ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಮುಸ್ಲಿಮರು ಶೇ. 12.92. 2023ರಲ್ಲಿ 224 ಸ್ಥಾನಗಳ ವಿಧಾನಸಭೆಗೆ ಆರಿಸಿಬಂದ ಮುಸ್ಲಿಮರು 9 ಮಂದಿ. ಲೋಕಸಭೆಗೆ 2004ರಲ್ಲಿ ಗುಲ್ಬರ್ಗಾದಿಂದ ಇಕ್ಬಾಲ್ ಅಹ್ಮದ್ ಸರಡಗಿ ಅವರು ಗೆದ್ದ ನಂತರದ ನಾಲ್ಕು ಮಹಾಚುನಾವಣೆಗಳಲ್ಲಿ ನಮ್ಮ ರಾಜ್ಯದಿಂದ ಒಬ್ಬ ಮುಸ್ಲಿಮರೂ ಆರಿಸಿಹೋಗಿಲ್ಲ. ಟಿಕೆಟ್ ಕೊಡದ ಪಕ್ಷಗಳನ್ನು ಕೇಳಬೇಕು, ಕೇಳುತ್ತೇವೆ. ಅದರ ಜೊತೆ ನಮ್ಮನ್ನೂ ಒಂದು ಪ್ರಶ್ನೆ ಕೇಳಿಕೊಳ್ಳೋಣ. ಊರಿನ ಎಲ್ಲರ ಪರವಾಗಿ ನಿಲ್ಲಬಲ್ಲ ಎಷ್ಟು ಯುವಕ ಯುವತಿಯರನ್ನು ನಾವು ಬೆಳೆಸಿದ್ದೇವೆ? ವಿಭೂತಿ ಹಚ್ಚಿದ ಆ ಹಿರಿಯರ ಹೆಂಡತಿಯ ಹೆಸರಿಗಾಗಿ ಓಡಾಡುವ ಹುಡುಗಿ ಮುಸ್ಲಿಂ ಆಗಿದ್ದರೆ, ನಾಳೆ ಅವಳು ಚುನಾವಣೆಗೆ ನಿಂತಾಗ ಅವರು ಅವಳನ್ನು ರಾಶಿಯಾಗಿ ನೋಡಲಾರರು, ಹೆಸರಿನಿಂದ ಗುರುತಿಸುತ್ತಾರೆ. ರಾಜಕೀಯದಲ್ಲಿ ನಮಗೆ ಬೇಕಾದ ದಾರಿ ಅಲ್ಲಿಂದ ಶುರುವಾಗುತ್ತದೆ ಎಂದು ನಾನು ನಂಬಿದ್ದೇನೆ.

ಆದುದರಿಂದ ಇದನ್ನು ಓದುವ ನನ್ನ ವಯಸ್ಸಿನವರಲ್ಲಿ ಕೆಲವು ಕೋರಿಕೆಗಳಿವೆ. ಯಾರಿಗೆ ಮತ ಹಾಕಬೇಕೆಂದು ನಾನು ಹೇಳುವುದಿಲ್ಲ, ಅದು ನಿಮ್ಮ ಅಮಾನತ್. ಚುನಾವಣೆ ಘೋಷಣೆಯಾಗುವವರೆಗೆ ಕಾಯದೆ ಈ ವಾರವೇ ನಿಮ್ಮ ಮನೆಯವರ ಹೆಸರುಗಳು ಪಟ್ಟಿಯಲ್ಲಿವೆಯೇ, ಅಕ್ಷರ ಸರಿಯಿದೆಯೇ ನೋಡಿ. ಮದುವೆಯಾಗಿ ಬಂದ ಸೊಸೆಯ ಹೆಸರು ವರ್ಗವಾಗಿದೆಯೇ ಎಂದು ಕೇಳಿ. ನಿಮ್ಮ ಭಾಗದ ಮತಗಟ್ಟೆ ಅಧಿಕಾರಿಯ ಗುರುತು ಮಾಡಿಕೊಳ್ಳಿ, ಅವರು ಬಾಗಿಲಿಗೆ ಬಂದಾಗ ಒಂದು ಲೋಟ ನೀರು ಕೊಟ್ಟು ಕೂರಿಸಿ. ಯಾರದಾದರೂ ಹೆಸರು ಅನ್ಯಾಯವಾಗಿ ಹೋಗಿದ್ದರೆ ಜಿಲ್ಲಾಧಿಕಾರಿಗೆ, ಅಲ್ಲಿ ಆಗದಿದ್ದರೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ ಮೇಲ್ಮನವಿ ಸಲ್ಲಿಸುವ ಹಕ್ಕಿದೆ ಎಂಬುದನ್ನು ತಿಳಿಸಿ. ಮಸೀದಿ ಕಮಿಟಿಯವರು, ದೇವಸ್ಥಾನದ ಸಮಿತಿಯವರು, ಸ್ತ್ರೀಶಕ್ತಿ ಸಂಘದವರು, ಕಾಲೇಜಿನ ಎನ್ನೆಸ್ಸೆಸ್ ಹುಡುಗರು ವರ್ಷಕ್ಕೊಂದು ದಿನ ಕೂತು ತಮ್ಮ ಭಾಗದ ಪಟ್ಟಿಯನ್ನು ಗಟ್ಟಿಯಾಗಿ ಓದಿದರೆ ಅದಕ್ಕಿಂತ ದೊಡ್ಡ ಮತದಾರರ ಜಾಗೃತಿ ಬೇರೆ ಬೇಕಾಗಿಲ್ಲ.

ಗೆದ್ದವರು ಓಣಿಗೆ ಬಂದಾಗ “ಅಲ್ಪಸಂಖ್ಯಾತರಿಗೆ ಏನು ಮಾಡಿದಿರಿ” ಎಂದು ಕೇಳುವುದು ಇರಲಿ. ಅದರ ಜೊತೆ “ನಾನು ಇಂಥವಳು, ಇಂಥ ಮನೆ ನಂಬರಿನವಳು, ಭಟ್ಟಿಯ ಕೆಲಸಗಾರರ ಎದೆ ಪರೀಕ್ಷೆಗೆ ನೀವು ಮಾತು ಕೊಟ್ಟಿದ್ದಿರಿ, ಅದು ಯಾವ ತಿಂಗಳು ನಡೆಯುತ್ತದೆ” ಎಂದೂ ಕೇಳೋಣ. ಪ್ರಶ್ನೆ ಕೇಳಿದವರ ಹೆಸರು ಅವರ ಡೈರಿಯಲ್ಲಿ ಬರೆಯಲ್ಪಡಲಿ, ಅದರ ಕೆಳಗೆ ನಮ್ಮ ನೆರೆಯವರ ಹೆಸರೂ ಸೇರಲಿ.